ಕಚೇರಿಯ ಕಾಗದದಲ್ಲಿ ಕವಿತೆ ಹೆಕ್ಕುವುದು ಹೇಗೆ

ಕೆಲವು ವರ್ಷಗಳ ಹಿಂದೆ ನಾನು ಒಂದು ವರದಿ ಕೊಡುವುದನ್ನು ತಡ ಮಾಡಿದ್ದೆ. ಅದನ್ನು ತಿಳಿಸಿ ಮೇಲ್ ಬರೆಯಬೇಕಿತ್ತು. ನೇರವಾಗಿ ಹೇಳಲು ನಾಚಿಕೆ. ಅದಕ್ಕೆ ಸ್ವಲ್ಪ ಅಲಂಕಾರ ಮಾಡಿದೆ. 'ಹೊಳೆ ತುಂಬಿ ಹರಿಯುವಾಗ ದೋಣಿ ದಡದಲ್ಲೇ ಕಾಯಬೇಕಾಗುತ್ತದೆ' ಎಂದು ಶುರುಮಾಡಿ ಎಂಟು ಸಾಲು ಬರೆದು ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು.

'ಸರ್, ಅಂದ್ರೆ ಯಾವತ್ತು ಕೊಡ್ತೀರಿ?'

ನನ್ನ ಎಂಟು ಸಾಲಿಗಿಂತ ಆ ಒಂದು ಸಾಲೇ ಒಳ್ಳೆಯ ಕವಿತೆ ಎಂದು ಗೊತ್ತಾಗಲು ತುಂಬಾ ದಿನ ಹಿಡಿಯಿತು. ಆ 'ಅಂದ್ರೆ' ಇದೆಯಲ್ಲ, ಅದರಲ್ಲಿ ಸುಸ್ತಿದೆ, ಸಿಟ್ಟಿದೆ, ನಗುವೂ ಇದೆ. 'ಸರ್' ಅನ್ನುವುದರಲ್ಲಿ ಇನ್ನೂ ಸ್ವಲ್ಪ ಮರ್ಯಾದೆ ಉಳಿದಿದೆ. ನನ್ನ ಹೊಳೆ, ದೋಣಿ, ದಡದಲ್ಲಿ ಯಾರೂ ಇರಲಿಲ್ಲ. ನಾನೂ ಇರಲಿಲ್ಲ. ಅಡಗಿಕೊಳ್ಳುವುದಕ್ಕೆ ಅಂತಲೇ ಬರೆದದ್ದು ಅಲ್ವಾ?

ಕಚೇರಿಯ ಭಾಷೆ ಇರುವುದೇ ಹಾಗೆ, ಯಾರೂ ಕಾಣಿಸಬಾರದು ಎಂಬಂತೆ. ಆದರೂ ದಿನಕ್ಕೆ ಒಂದೋ ಎರಡೋ ಸಲ, ಯಾವುದೋ ಸಾಲಿನ ಸಂದಿಯಲ್ಲಿ ಒಬ್ಬರು ಕಾಣಿಸಿಬಿಡುತ್ತಾರೆ. ಆ ಸಂದಿಯನ್ನು ಗುರುತಿಸುವುದು, ಅಷ್ಟನ್ನು ಮಾತ್ರ ಕತ್ತರಿಸಿ ಎತ್ತಿಡುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಬೇಕಾದದ್ದು ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ, ಒಂದು ಪೆನ್ಸಿಲ್, ದಿನಕ್ಕೆ ಹತ್ತು ನಿಮಿಷ. ನೀವು ಕವಿ ಆಗಿರಬೇಕಾಗಿಲ್ಲ. ಆಗಿದ್ದರೆ ಸ್ವಲ್ಪ ಕಷ್ಟವೇ.

ಮೊದಲ ಹೆಜ್ಜೆ: ಒಂದು ವಾರ ಬರೆಯಬೇಡಿ, ಹೆಕ್ಕಿ

ಮೊದಲ ವಾರ ಸ್ವಂತದ ಒಂದು ಪದವನ್ನೂ ಬರೆಯಬೇಡಿ. ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು ಮಾತ್ರ. ಇದ್ದ ಹಾಗೇ ಇಳಿಸಿಕೊಳ್ಳಿ. ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ.

ದೊಡ್ಡ ದೊಡ್ಡ ಭಾಷಣ, ಸಂಸ್ಥೆಯ ಧ್ಯೇಯವಾಕ್ಯ, ಗೋಡೆಯ ಮೇಲಿನ ಸುಭಾಷಿತ, ಇವುಗಳಲ್ಲಿ ಹುಡುಕಬೇಡಿ. ಅಲ್ಲಿ ಯಾರೋ ಆಗಲೇ ಕವಿತೆ ಮಾಡಲು ಹೋಗಿ ಕೈ ಸುಟ್ಟುಕೊಂಡಿರುತ್ತಾರೆ. ಯಾರೂ ಓದುತ್ತಾರೆ ಎಂದುಕೊಳ್ಳದೆ ಬರೆದ ಜಾಗಗಳಲ್ಲಿ ನೋಡಿ. ಫೈಲಿನ ಹೆಸರುಗಳು ಒಂದು ಗಣಿ. ಒಂದೇ ಫೋಲ್ಡರಿನಲ್ಲಿ ನನಗೆ ಸಿಕ್ಕಿದ್ದು ಇದು:

ವರದಿ
ವರದಿ ಫೈನಲ್
ವರದಿ ಫೈನಲ್ 2
ವರದಿ ನಿಜವಾದ ಫೈನಲ್
ವರದಿ ಇದನ್ನೇ ಕಳಿಸಿ
ವರದಿ ಹಳೆಯದೇ ಇರಲಿ

ಇದಕ್ಕೆ ನಾನು ಏನೂ ಸೇರಿಸಲಿಲ್ಲ. ಆರು ಸಾಲಿನಲ್ಲಿ ಎರಡು ವಾರದ ಜಗಳ ಇದೆ, ಸೋಲೂ ಇದೆ.

ಕಳಿಸದೆ ಡ್ರಾಫ್ಟಿನಲ್ಲೇ ಉಳಿದ ಮೇಲ್‌ಗಳನ್ನು ತೆರೆದು ನೋಡಿ. 'ನಿನ್ನೆ ನೀವು ಹೇಳಿದ್ದಕ್ಕೆ' ಎಂದು ಶುರುವಾಗಿ ಅಲ್ಲೇ ನಿಂತ ಮೇಲ್ ನನ್ನ ಬಳಿ ಮೂರಿವೆ. ವೀಡಿಯೊ ಮೀಟಿಂಗಿನ ಮೊದಲ ಎರಡು ನಿಮಿಷ ಕಿವಿಗೊಟ್ಟು ಕೇಳಿ. 'ನನ್ನ ದನಿ ಕೇಳಿಸ್ತಾ ಇದೆಯಾ?', 'ನೀವು ಕಾಣ್ತಿಲ್ಲ', 'ಯಾರೋ ಬಂದ್ರು ಅನ್ಸುತ್ತೆ', 'ಇನ್ನೂ ಯಾರಾದ್ರೂ ಇದ್ದೀರಾ?' ಹಿನ್ನೆಲೆ ಗೊತ್ತಿಲ್ಲದೆ ಓದಿದರೆ ಕತ್ತಲ ಮನೆಯಲ್ಲಿ ಕೂತವರ ಮಾತು ಅನ್ನಿಸುತ್ತದೆ. ಕಂಪ್ಯೂಟರ್ ಕೊಡುವ ಎಚ್ಚರಿಕೆಗಳು, ಕ್ಯಾಲೆಂಡರಿನಲ್ಲಿ ನಿಮಗೆ ನೀವೇ ಬರೆದುಕೊಂಡ ಎರಡು ಪದದ ನೆನಪೋಲೆ, ಲಿಫ್ಟಿನಲ್ಲಿ ಅರ್ಧಕ್ಕೆ ನಿಂತ ಮಾತು, ಎಲ್ಲವೂ ಆಗಬಹುದು.

ಹಳೆಯ ಪದಗಳನ್ನೂ ಬಿಡಬೇಡಿ. ಮೇಲ್‌ನಲ್ಲಿ 'ಸಿಸಿ' ಹಾಕುತ್ತೇವಲ್ಲ, ಅದು ಕಾರ್ಬನ್ ಕಾಪಿ. ಎರಡು ಹಾಳೆಯ ನಡುವೆ ಕಪ್ಪು ಕಾಗದ ಇಟ್ಟು ಒತ್ತಿ ಬರೆದರೆ ಕೆಳಗಿನ ಹಾಳೆಯಲ್ಲಿ ಮೂಡುತ್ತಿದ್ದ ಪ್ರತಿ. ಬೆರಳಿಗೆ ಮಸಿ ಅಂಟುತ್ತಿತ್ತು. ಆ ಕಾಗದವನ್ನು ಮುಟ್ಟದವರೂ ದಿನಕ್ಕೆ ಇಪ್ಪತ್ತು ಸಲ ಅದನ್ನು ಕಳಿಸುತ್ತಾರೆ. ಉತ್ತರದ ಮೇಲ್ ತಲೆಯ ಮೇಲೆ ತಾನಾಗಿ ಬರುವ 'ರೀ:' ಲ್ಯಾಟಿನ್ನಿನ 'ಇನ್ ರೇ', ಅಂದರೆ 'ಈ ವಿಷಯವಾಗಿ' ಎನ್ನುವುದರ ತುಂಡು. ನನಗಂತೂ ಅದನ್ನು ಕಂಡಾಗಲೆಲ್ಲ ಯಾರೋ 'ರೀ, ಸ್ವಲ್ಪ ಇಲ್ನೋಡಿ' ಎಂದು ಕರೆದ ಹಾಗೇ ಕೇಳುತ್ತದೆ. ನಾಲ್ಕೈದು ಸಲ ಉತ್ತರ ಹೋಗಿ ಬಂದ ಮೇಲೆ ಕೆಲವು ಕಡೆ 'ರೀ: ರೀ: ರೀ: ರೀ:' ಎಂದು ಸಾಲುಗಟ್ಟಿ ನಿಲ್ಲುತ್ತದೆ. ಆಗ ಕರೆದವರ ತಾಳ್ಮೆ ಎಷ್ಟು ಉಳಿದಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಇ-ಮೇಲ್ ಕಳಿಸಿದರು. ಹೆಸರಿಗೂ ಯಂತ್ರಕ್ಕೂ ನಡುವೆ '@' ಹಾಕಿದ್ದೂ ಅವರೇ. ಆ ಮೊದಲ ಮೇಲ್‌ನಲ್ಲಿ ಏನಿತ್ತು ಎಂದು ಕೇಳಿದರೆ ಅವರಿಗೇ ನೆನಪಿರಲಿಲ್ಲ. ಪರೀಕ್ಷೆಗೆ ಏನೋ ಒತ್ತಿದ್ದೆ, ಮರೆತುಹೋಗುವಂಥದ್ದು ಎಂದಿದ್ದರು. ನೀವು ಹೆಕ್ಕದಿದ್ದರೆ ಇವತ್ತಿನ ಸಾಲುಗಳಿಗೂ ಅದೇ ಗತಿ.

ಎರಡನೇ ಹೆಜ್ಜೆ: ಏನು ಹೆಕ್ಕಬಾರದು ಎಂದು ಈಗಲೇ ತೀರ್ಮಾನಿಸಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ದಾಟಿ ಹೋಗಬೇಡಿ. ಸಂಬಳ, ಕಾಯಿಲೆ, ಶಿಸ್ತು ಕ್ರಮ, ಗ್ರಾಹಕರ ವಿವರ, ವ್ಯವಹಾರದ ಗುಟ್ಟು, ಇವುಗಳಿಗೆ ಕೈ ಹಾಕಬೇಡಿ. ಹೆಸರುಗಳನ್ನು ಬರೆದುಕೊಳ್ಳಬೇಡಿ. ಕಚೇರಿಯ ಮೇಲ್‌ಗಳನ್ನು ನಿಮ್ಮ ಸ್ವಂತ ವಿಳಾಸಕ್ಕೆ ರವಾನಿಸಿಕೊಳ್ಳಬೇಡಿ, ಬಹಳ ಕಡೆ ಅದು ನಿಯಮ ಮೀರಿದ ಹಾಗೆ. ಕೈಯಲ್ಲಿ ಬರೆದುಕೊಳ್ಳಿ ಎಂದು ನಾನು ಹೇಳುವುದು ಅದಕ್ಕೇ. ಕೈ ನಿಧಾನ, ಹಾಗಾಗಿ ಬೇಕಾದಷ್ಟೇ ಬರುತ್ತದೆ. ಒಬ್ಬರ ಸಾಲನ್ನು ಬೇರೆಯವರಿಗೆ ತೋರಿಸುವ ಮುಂಚೆ ಅವರನ್ನು ಕೇಳಿ. ಬೇಡ ಅಂದರೆ ಬೇಡ.

ಮೂರನೇ ಹೆಜ್ಜೆ: ಕತ್ತರಿಸಿ, ಸೇರಿಸಬೇಡಿ

ಈಗ ಕೆಲಸ ಶುರು. ಒಂದೇ ನಿಯಮ: ಪದ ತೆಗೆಯಬಹುದು, ಸಾಲು ಒಡೆಯಬಹುದು, ಹೊಸ ಪದ ಹಾಕುವಂತಿಲ್ಲ, ಇದ್ದದ್ದನ್ನು ಬದಲಿಸುವಂತಿಲ್ಲ.

ಈ ದಾರಿ ಹೊಸದಲ್ಲ. ಅಮೆರಿಕದ ಚಾರ್ಲ್ಸ್ ರೆಜ್ನಿಕಾಫ್ ಕಾನೂನು ಓದಿದವರು, ಕಾನೂನು ಗ್ರಂಥಗಳಿಗೆ ವಿವರಣೆ ಬರೆಯುವ ಕೆಲಸದಲ್ಲಿದ್ದವರು. ದಿನವೆಲ್ಲ ಹಳೆಯ ಮೊಕದ್ದಮೆಗಳ ದಾಖಲೆ ಓದುತ್ತಿದ್ದರು. ಸಾಕ್ಷಿಗಳ ಹೇಳಿಕೆಯಿಂದ ಬೇಡದ್ದನ್ನು ಕಿತ್ತು, ಉಳಿದದ್ದನ್ನು ಸಾಲಾಗಿ ಮುರಿದು ಕವಿತೆ ಮಾಡಿದರು. ತೀರ್ಪು ಏನಾಯಿತು ಎಂದು ಹೇಳಲು ಹೋಗಲಿಲ್ಲ. ನಡೆದದ್ದು ಮಾತ್ರ.

ನನ್ನ ಪುಸ್ತಕದಿಂದ ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ನನ್ನ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಕೆಲಸ ಬಿಡುವಾಗ ನನಗೆ ಬರೆದಿಟ್ಟ ಚೀಟಿ ಇದು. ಅವರ ಒಪ್ಪಿಗೆ ಇದೆ.

'ಬೀರುವಿನ ಬೀಗದ ಕೈ ಎಡಗಡೆ ಡ್ರಾಯರ್‌ನಲ್ಲಿದೆ. ಮೂರನೇ ಖಾನೆ ಹಾಗೇ ಎಳೆದರೆ ಬರಲ್ಲ, ಸ್ವಲ್ಪ ಎತ್ತಿ ಎಳೆಯಬೇಕು. ತಿಂಗಳ ವರದಿಗೆ ಹಳೆ ಟೆಂಪ್ಲೇಟೇ ಬಳಸಿ, ಹೊಸದರಲ್ಲಿ ಮೊತ್ತ ತಪ್ಪು ಬರುತ್ತೆ. ಕಿಟಕಿ ಹತ್ತಿರದ ಗಿಡಕ್ಕೆ ಸೋಮವಾರ, ಗುರುವಾರ ನೀರು. ಪ್ರಿಂಟರ್ ನಿಂತರೆ ಒಂದು ನಿಮಿಷ ಸುಮ್ನೆ ಬಿಡಿ, ತಾನೇ ಸರಿಹೋಗುತ್ತೆ. ನನ್ನ ಲಾಗಿನ್ ಶುಕ್ರವಾರ ಸಂಜೆ ಆರಕ್ಕೆ ಮುಚ್ಚುತ್ತೆ. ಆಮೇಲೆ ಕೇಳೋಕೆ ಆಗಲ್ಲ, ಈಗಲೇ ಕೇಳಿಬಿಡಿ.'

ಮೊದಲು ಇದನ್ನು ಎರಡು ಸಲ ಜೋರಾಗಿ ಓದಿ. ಎಲ್ಲಿ ದನಿ ಬದಲಾಗುತ್ತದೆ ಎಂದು ನೋಡಿ. ನನಗೆ 'ಸ್ವಲ್ಪ ಎತ್ತಿ' ಎನ್ನುವಲ್ಲಿ ಕೈಯೊಂದು ಕಾಣಿಸಿತು. ಆ ಖಾನೆಯನ್ನು ಎಷ್ಟೋ ವರ್ಷ ಎತ್ತಿ ಎಳೆದ ಕೈ. ಟೆಂಪ್ಲೇಟಿನ ಸಾಲು ಕೆಲಸಕ್ಕೆ ಬೇಕು, ಕವಿತೆಗೆ ಬೇಡ. ಅದನ್ನು ತೆಗೆದೆ. ಕತ್ತರಿಸಿದ ಮೇಲೆ ಉಳಿದದ್ದು:

ಬೀಗದ ಕೈ
ಬಲಗಡೆ.

ಸ್ವಲ್ಪ ಎತ್ತಿ
ಎಳೆಯಬೇಕು.

ಸೋಮವಾರ, ಗುರುವಾರ
ನೀರು.

ನಿಂತರೆ
ಒಂದು ನಿಮಿಷ
ಸುಮ್ನೆ ಬಿಡಿ.

ನನ್ನ ಲಾಗಿನ್
ಶುಕ್ರವಾರ ಸಂಜೆ ಆರಕ್ಕೆ
ಮುಚ್ಚುತ್ತೆ.

ಈಗಲೇ
ಕೇಳಿಬಿಡಿ.

ಮೂರು ಮಾತು. ಒಂದು, 'ಪ್ರಿಂಟರ್' ತೆಗೆದ ಕೂಡಲೇ 'ನಿಂತರೆ' ಯಾರು ಬೇಕಾದರೂ ಆಗಬಹುದು. ಯಾವುದನ್ನು ತೆಗೆದರೆ ಸಾಲು ಅಗಲವಾಗುತ್ತದೆ ಎಂದು ಹುಡುಕುವುದೇ ಇಲ್ಲಿನ ಕಸುಬು. ಎರಡು, 'ಲಾಗಿನ್' ತೆಗೆಯಲು ನನಗೂ ಆಸೆಯಾಗಿತ್ತು. ತೆಗೆದರೆ 'ನನ್ನ' ಎನ್ನುವುದು ಕಣ್ಣೋ ಬಾಗಿಲೋ ಆಗಿ, ಸುಮ್ಮನೆ ಅಳಿಸುವ ಪದ್ಯ ಆಗುತ್ತಿತ್ತು. ಲಾಗಿನ್ ಇದ್ದರೇ ಅದು ಕಚೇರಿ. ಎಲ್ಲ ಯಂತ್ರದ ಪದಗಳನ್ನೂ ಕಿತ್ತುಹಾಕಿದರೆ ಉಳಿಯುವುದು ಶುಭಾಶಯದ ಕಾರ್ಡು.

ಮೂರನೆಯದು ತಪ್ಪೊಪ್ಪಿಗೆ. ಚೀಟಿಯಲ್ಲಿ ಎಡಗಡೆ ಎಂದಿತ್ತು. 'ಬೀಗ', 'ಬಲ' ಎಂದು ಎರಡು ಬಕಾರ ಕೂಡಿದರೆ ಕಿವಿಗೆ ಚೆನ್ನ ಎಂದು ನಾನು ಬಲಗಡೆ ಮಾಡಿದೆ. ನಿಯಮ ಹೇಳಿದವನೇ ಮುರಿದೆ. ಇದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕನೇ ಹೆಜ್ಜೆ: ಬೆರಳಲ್ಲಿ ಎಣಿಸಿ

ಶಾಲೆಯಲ್ಲಿ ಮಾತ್ರೆ ಎಣಿಸಿ ಗಣ ಬಿಡಿಸಿದ್ದು ನೆನಪಿದೆಯಾ? ಆಗ ಯಾಕೆ ಎಂದು ಗೊತ್ತಿರಲಿಲ್ಲ. ಕಚೇರಿಯಲ್ಲಿ ಫೋನ್ ಹಿಡಿದು ಕಾಯುವಾಗ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಮರೆತವರಿಗೆ: ಹ್ರಸ್ವಕ್ಕೆ 1, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ 2.

ಫೋನಿನಲ್ಲಿ ಕೇಳುವ ಸಾಲು ಹೀಗಿತ್ತು ಎಂದುಕೊಳ್ಳಿ: 'ದಯವಿಟ್ಟು ನಿರೀಕ್ಷಿಸಿ, ನಿಮ್ಮ ಕರೆ ಸಾಲಿನಲ್ಲಿದೆ.' ಎಣಿಸಿ ನೋಡಿ. 'ದಯವಿಟ್ಟು' 5. 'ನಿರೀಕ್ಷಿಸಿ' 5. 'ನಿಮ್ಮ ಕರೆ' 5. ಅರೆ, ಹಾಡೇ ಬರುತ್ತಿದೆಯಲ್ಲ ಅನ್ನುವಷ್ಟರಲ್ಲಿ 'ಸಾಲಿನಲ್ಲಿದೆ' 7 ಆಗಿ ಮುಗ್ಗರಿಸುತ್ತದೆ. 'ನಿರೀಕ್ಷಿಸಿ'ಯಲ್ಲೂ ಲೆಕ್ಕ ಸರಿ ಇದೆ, ಓಟ ಸರಿ ಇಲ್ಲ. ಮೊದಲು ಲಘು (1), ಅದರ ಬೆನ್ನಿಗೇ ಗುರು (2). ಗಣ ಹೀಗೆ ಶುರುವಾದರೆ ಎಡವಿದ ಹಾಗಾಗುತ್ತದೆ ಎಂದೇ ಮಾತ್ರಾಗಣದ ನಡೆಯಲ್ಲಿ ಅದನ್ನು ದೂರ ಇಡುತ್ತಾರೆ. ಸ್ವಲ್ಪ ತಿದ್ದಿ:

ದಯವಿಟ್ಟು ಕಾಯುತಿರಿ
ನಿಮ್ಮ ಕರೆ ಸಾಲಲಿದೆ

5, 5, 5, 5. ಈಗ ಇದನ್ನು ಹಾಡಬಹುದು. ಕಾಯುವುದು ಕಡಿಮೆಯಾಗಲ್ಲ, ಆದರೆ ಕಾಯುವಿಕೆಗೆ ಒಂದು ತಾಳ ಬಂತು. (ಇಲ್ಲಿ ಪದ ಬದಲಿಸಿದ್ದೇನೆ, ಹೌದು. ಇದು ಕಿವಿಯ ಅಭ್ಯಾಸ, ಹೆಕ್ಕಿದ ಕವಿತೆ ಅಲ್ಲ. ಎರಡನ್ನೂ ಪುಸ್ತಕದ ಬೇರೆ ಬೇರೆ ತುದಿಯಿಂದ ಬರೆಯಿರಿ.)

ನೆನಪೋಲೆಗಳು ಸಾಮಾನ್ಯವಾಗಿ 4ರ ನಡೆ ಹಿಡಿಯುತ್ತವೆ. 'ಕೂಡಲೆ ಕಳಿಸಿರಿ, ಇಂದೇ ಕಳಿಸಿರಿ.' ಎಣಿಸಿದರೆ 4, 4, 4, 4. ಬೂಟು ಹಾಕಿಕೊಂಡು ನಡೆದ ಹಾಗಿದೆ. ಮುಂದಿನ ಸಲ ನಿಮಗೆ ಇಂಥ ಮೇಲ್ ಬಂದು ಎದೆ ಹೊಡೆದುಕೊಂಡರೆ ಒಂದು ಸಲ ಎಣಿಸಿ. ಹೆದರಿಸಿದ್ದರಲ್ಲಿ ಅರ್ಧ ತಾಳವೇ ಇರುತ್ತದೆ.

ಎಲ್ಲ ಸಾಲನ್ನೂ ಎಣಿಸುತ್ತಾ ಕೂರಬೇಡಿ. ವಾರಕ್ಕೆ ಎರಡು ಸಾಕು. ಸ್ವಲ್ಪ ದಿನ ಹೋದರೆ ಕಿವಿ ತಾನೇ ಎಣಿಸುತ್ತದೆ. ಯಾವ ವಾಕ್ಯ ಕುಂಟುತ್ತಿದೆ ಎಂದು ಓದುವಾಗಲೇ ಗೊತ್ತಾಗುತ್ತದೆ. ಇದರ ಲಾಭ ನಿಮ್ಮ ವರದಿಗೂ ಸಿಗುತ್ತದೆ.

ಐದನೇ ಹೆಜ್ಜೆ: ಪ್ರತಿ 'ಲಾಗಿದೆ'ಗೂ 'ಯಾರು?' ಎಂದು ಕೇಳಿ

'ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದ್ದು, ಸದ್ಯಕ್ಕೆ ಪರಿಗಣಿಸಲು ಸಾಧ್ಯವಿರುವುದಿಲ್ಲ ಎಂದು ಈ ಮೂಲಕ ತಿಳಿಸಲಾಗಿದೆ.'

ಕಚೇರಿ ಕನ್ನಡದ ಬೆನ್ನೆಲುಬು ಈ 'ಲಾಗಿದೆ'. ಮಾಡಿದವರು ಇಲ್ಲ, ಮಾಡಿದ್ದು ಮಾತ್ರ ಇದೆ. ಪರಿಶೀಲನೆ ತಾನೇ ನಡೆದುಕೊಂಡು ಬಂದು, ತಾನೇ ಕೂತು, ತಾನೇ ಎದ್ದು ಹೋದ ಹಾಗೆ. ಆಡುಮಾತಿನಲ್ಲಿ ನಾವು ಹೀಗೆ ಮಾತಾಡುವುದೇ ಇಲ್ಲ. ಮನೆಯಲ್ಲಿ 'ಬಾಗಿಲು ಹಾಕಲಾಗಿದೆ' ಎಂದು ಯಾರಾದರೂ ಅಂದರೆ ಹಣೆ ಮುಟ್ಟಿ ನೋಡುತ್ತೇವೆ.

ಅಭ್ಯಾಸ ಇದು. ಇಂಥ ಒಂದು ವಾಕ್ಯ ತೆಗೆದುಕೊಳ್ಳಿ. ಪ್ರತಿ ಕ್ರಿಯಾಪದದ ಕೆಳಗೆ ಒಂದು ಪ್ರಶ್ನೆ, ಪ್ರಶ್ನೆಯ ಕೆಳಗೆ ಒಂದು ಉತ್ತರ. ಉತ್ತರ ನಿಮ್ಮ ಕಲ್ಪನೆ. ಆದರೆ ಕಣ್ಣಿಗೆ ಕಾಣುವಂಥದ್ದೇ ಆಗಿರಲಿ.

ಪರಿಶೀಲಿಸಲಾಗಿದೆ.
ಯಾರು?
ಕನ್ನಡಕ ಮರೆತು ಬಂದವರು, ಹಾಳೆ ದೂರ ಹಿಡಿದು.

ಸಾಧ್ಯವಿರುವುದಿಲ್ಲ.
ಯಾರಿಗೆ?
ಅದನ್ನು ಟೈಪ್ ಮಾಡಿದವರಿಗಂತೂ ಸಾಧ್ಯವಿತ್ತು.

ತಿಳಿಸಲಾಗಿದೆ.
ಯಾರಿಗೆ?
ಬಾಗಿಲ ಹತ್ತಿರ ನಿಂತೇ ಓದಿ, ಮತ್ತೆ ಮಡಿಚಿದವರಿಗೆ.

ಇದನ್ನು ನಾಲ್ಕು ಸಲ ಮಾಡಿದ ಮೇಲೆ ನೀವೇ ಬರೆಯುವ ಪತ್ರದಲ್ಲಿ 'ಲಾಗಿದೆ' ಕಡಿಮೆಯಾಗುತ್ತದೆ. 'ನಿಮ್ಮ ಅರ್ಜಿ ಓದಿದೆ. ಈ ಸಲ ಆಗುವುದಿಲ್ಲ' ಎಂದು ಬರೆಯಲು ಧೈರ್ಯ ಬೇಕು, ಯಾಕೆಂದರೆ ಅಲ್ಲಿ ಓದಿದವರು ನೀವು ಎಂದು ಗೊತ್ತಾಗಿಬಿಡುತ್ತದೆ. ಎಲ್ಲ ಕಡೆ ಹೀಗೆ ಬರೆಯಲು ಬಿಡುವುದೂ ಇಲ್ಲ. ನಿಯಮದ ಪತ್ರಕ್ಕೆ 'ಲಾಗಿದೆ' ಬೇಕಾಗುತ್ತದೆ, ಅದು ಹುದ್ದೆ ಮಾತಾಡುವ ರೀತಿ. ನಾವಾಗಿ ಮಾತಾಡಬಹುದಾದ ಕಡೆಯೂ ಹುದ್ದೆಯ ಹಿಂದೆ ನಿಲ್ಲಬೇಕಾ ಎನ್ನುವುದಷ್ಟೇ ನನ್ನ ತಕರಾರು.

ಆರನೇ ಹೆಜ್ಜೆ: ಕಡತದಲ್ಲಿರುವ ಮೈ

ಇದು ನನಗೆ ಬಹಳ ಇಷ್ಟದ ಜಾಗ, ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

ಒಂದು ಸಂಜೆ ಪುಸ್ತಕ ತಿರುವಿ ಹಾಕುತ್ತಿದ್ದೆ. ಹೆಕ್ಕಿದ ಸಾಲುಗಳಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಎಲ್ಲೆಲ್ಲೂ ಕೈ, ತಲೆ, ಕಣ್ಣು, ಬಾಯಿ. ಯೋಜನೆ ಕೈಗೆತ್ತಿಕೊಂಡರು. ಆಮೇಲೆ ಕೈಬಿಟ್ಟರು. ಕಡತ ಕೈತಪ್ಪಿತು. ಕೆಲಸ ಕೈಬದಲಾಯಿತು. ಕಣ್ತಪ್ಪಿನಿಂದ ಒಂದು ಸಂಖ್ಯೆ ಬಿಟ್ಟುಹೋಯಿತು. ವರದಿಯ ಮೇಲೆ ಕಣ್ಣು ಹಾಯಿಸಿ. ತಲೆಬರಹ ಸರಿಯಿಲ್ಲ. ಬಾಯಿಮಾತಿನ ಆದೇಶ ಸಾಲದು. ಬೆನ್ನು ಹತ್ತದೆ ಕೆಲಸ ಆಗುವುದಿಲ್ಲ. ಲೆಕ್ಕ ತಲೆಕೆಳಗಾಯಿತು. ಎಲ್ಲಕ್ಕಿಂತ ಚಂದದ್ದು ಬೀಗದ ಕೈ. ಬೀಗಕ್ಕೆ ಒಂದು ಕೈ ಇದೆ, ಅದು ಡ್ರಾಯರಿನಲ್ಲಿ ಮಲಗಿದೆ!

ಯಾರೂ ಕಾಣಬಾರದು ಎಂದು ಅಷ್ಟು ಕಷ್ಟಪಟ್ಟು ಬರೆದ ಭಾಷೆಯಲ್ಲಿ ಒಂದು ಇಡೀ ಮೈ ಅಡಗಿ ಕೂತಿದೆ. ಅದನ್ನು ಎಬ್ಬಿಸಲು ದೊಡ್ಡ ಸಾಹಸ ಬೇಡ. ಪದವನ್ನು ಎರಡಾಗಿ ಒಡೆದು ಎರಡು ಸಾಲಿನಲ್ಲಿ ಇಡಿ.

ಯೋಜನೆಯನ್ನು
ಕೈ
ಬಿಡಲಾಗಿದೆ.

ಈಗ ಒಂದು ಕೈ ಕಾಣುತ್ತದೆ. ಅದು ಹಿಡಿದುಕೊಂಡಿತ್ತು ಎನ್ನುವುದೂ ಕಾಣುತ್ತದೆ. ಆ ಯೋಜನೆಗೆ ಎರಡು ವರ್ಷ ದುಡಿದವರು ಈ ಮೂರು ಸಾಲನ್ನು ಹೇಗೆ ಓದುತ್ತಾರೆ ಎಂದು ಯೋಚಿಸಿ.

ನಿಮ್ಮ ಕೆಲಸದ ಪದಗಳನ್ನು ಹೀಗೇ ಪಟ್ಟಿ ಮಾಡಿ. ಲೆಕ್ಕದ ವಿಭಾಗದವರಿಗೆ ಬಾಕಿ, ಜಮೆ, ತಾಳೆ, ವಜಾ. 'ತಾಳೆ ಆಗುತ್ತಿಲ್ಲ' ಎನ್ನುವುದನ್ನು ಇಬ್ಬರು ಮನುಷ್ಯರ ಬಗ್ಗೆಯೂ ಹೇಳಬಹುದು. ರವಾನೆ ವಿಭಾಗದವರಿಗೆ ಮುದ್ದಾಂ, ಬಟವಾಡೆ, 'ವಿಳಾಸದಾರರು ಇಲ್ಲ'. ಸಾಫ್ಟ್‌ವೇರಿನವರಿಗೆ 'ನಿಮ್ಮ ಸಮಯ ಮುಗಿದಿದೆ, ಮತ್ತೆ ಒಳಗೆ ಬನ್ನಿ'. ಬೇರೆ ಕಸುಬಿನಿಂದ ಹೋಲಿಕೆ ಕಡ ತರಬೇಡಿ. ಹೊಳೆ, ದೋಣಿ ಎಂದು ನಾನು ಕೆಟ್ಟದ್ದು ಹಾಗೇ. ನನಗೆ ದೋಣಿ ನಡೆಸಲು ಬರುವುದಿಲ್ಲ.

ದೋಣಿ ನಡೆಸಲು ಬರುವವರು ಬರೆದಾಗ ಬೇರೆಯೇ ಆಗುತ್ತದೆ. 12ನೇ ಶತಮಾನದ ವಚನಕಾರರಲ್ಲಿ ಎಷ್ಟೋ ಜನ ತಮ್ಮ ಕಾಯಕದ ಹೆಸರಿನಿಂದಲೇ ಗೊತ್ತು. ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ. ಬಸವಣ್ಣನವರೇ ಬಿಜ್ಜಳನ ಭಂಡಾರಿ, ಹಣಕಾಸಿನ ಲೆಕ್ಕ ನೋಡಿದವರು. ಹೆಚ್ಚಿನವರು ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರೆ, ಚೌಡಯ್ಯ ಇಟ್ಟದ್ದು 'ಅಂಬಿಗರ ಚೌಡಯ್ಯ' ಎಂದೇ. ಕೆಲಸ, ಹೆಸರು, ಮುಗಿಯಿತು. ನಮ್ಮ ಮೇಲ್‌ಗಳ ಕೆಳಗೆ ಹೆಸರು, ಹುದ್ದೆ ತಾನಾಗಿ ಬಂದು ಕೂರುತ್ತದಲ್ಲ, ಅದೂ ಅಂಕಿತವೇ. ಕಡತಕ್ಕೆ ಸಹಿ ಬೀಳುವುದನ್ನು ಇವತ್ತಿಗೂ ಅಂಕಿತ ಬಿತ್ತು ಅನ್ನುತ್ತೇವೆ. ವ್ಯತ್ಯಾಸ ಏನೆಂದರೆ ಚೌಡಯ್ಯ ಮೇಲೆ ಹೇಳಿದ್ದಕ್ಕೆ ಕೆಳಗೆ ಜವಾಬ್ದಾರಿ ಹೊರುತ್ತಿದ್ದ. ನಿಮ್ಮ ಒಂದು ದಿನದ ಮೇಲ್‌ಗಳನ್ನು ಕೊನೆಯಿಂದ ಓದಿ ನೋಡಿ. ಮೊದಲು ಅಂಕಿತ, ಆಮೇಲೆ ಸಾಲು. ಈ ಹೆಸರಿನವರು ಇದನ್ನು ಹೇಳುತ್ತಾರಾ? ನನ್ನ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಆ ಪರೀಕ್ಷೆಯಲ್ಲಿ ಬಿದ್ದವು.

ಸಮಯ ಎಲ್ಲಿಂದ?

ಇದು ಹೆಜ್ಜೆ ಅಲ್ಲ, ಎಲ್ಲರೂ ಕೇಳುವ ಪ್ರಶ್ನೆ. ಅಮೆರಿಕದ ಕವಿ ವಾಲೆಸ್ ಸ್ಟೀವನ್ಸ್ ವಿಮಾ ಕಂಪನಿಯಲ್ಲಿ ಕೆಲಸ ಮಾಡಿ 1934ರಲ್ಲಿ ಅಲ್ಲಿನ ಉಪಾಧ್ಯಕ್ಷರಾದರು. ಕಚೇರಿಗೆ ನಡೆದು ಹೋಗುತ್ತಾ ತಲೆಯಲ್ಲೇ ಸಾಲು ಕಟ್ಟುತ್ತಿದ್ದರು. ಅಲ್ಲಿನದೇ ಇನ್ನೊಬ್ಬ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ವೈದ್ಯರು. ರೋಗಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಔಷಧಿ ಚೀಟಿಯ ಮೇಲೆ ಗೀಚಿಕೊಳ್ಳುತ್ತಿದ್ದರು. ಲಿಸ್ಬನ್‌ನ ಕವಿ ಫರ್ನಾಂಡೊ ಪೆಸ್ಸೋವಾ ಹೊಟ್ಟೆಪಾಡಿಗೆ ಮಾಡಿದ್ದು ವ್ಯಾಪಾರಿ ಸಂಸ್ಥೆಗಳಿಗೆ ಇಂಗ್ಲಿಷ್, ಫ್ರೆಂಚ್ ಪತ್ರ ಬರೆದುಕೊಡುವ ಕೆಲಸ. ಇವರನ್ನು ನೋಡಿ ನೌಕರಿ ಮಾಡಿದರೆ ಕವಿ ಆಗುತ್ತೇವೆ ಎಂದುಕೊಳ್ಳಬೇಡಿ. ಸಮಯ ಎಲ್ಲಿತ್ತು ಎಂದು ಮಾತ್ರ ನೋಡಿ: ದಾರಿಯಲ್ಲಿ, ಎರಡು ಕೆಲಸದ ನಡುವಿನ ಸಂದಿಯಲ್ಲಿ. ಫೈಲ್ ಡೌನ್‌ಲೋಡ್ ಆಗುವಷ್ಟು ಹೊತ್ತು ಸಾಕು.

ಏಳನೇ ಹೆಜ್ಜೆ: ನಿಮ್ಮದೇ ಮೇಲ್‌ಗೆ ವಾಪಸ್ ಬನ್ನಿ

ಒಂದು ತಿಂಗಳು ಹೆಕ್ಕಿದ ಮೇಲೆ ನೀವು ಬರೆಯುವ ರೀತಿಯೂ ಬದಲಾಗಿರುತ್ತದೆ. ಮೇಲ್ ಉದ್ದವಾಗಿದ್ದರೆ ಎಲ್ಲೋ ತಪ್ಪಿದ್ದೀರಿ. ಗಿಡ್ಡವಾಗಬೇಕು.

ನನಗೆ ಇದನ್ನು ಕಲಿಸಿದ್ದು ಒಂದು ಸಾಂತ್ವನದ ಮೇಲ್. ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಿದ್ದರು. ಎಲ್ಲರೂ ಬರೆದರು. 'ನಿಧನದ ವಾರ್ತೆ ತಿಳಿದು ಅತೀವ ದುಃಖವಾಯಿತು. ದುಃಖ ಭರಿಸುವ ಶಕ್ತಿ ದೊರೆಯಲಿ.' ನಾನೂ ಹಾಗೇ ಬರೆದೆ. ತಪ್ಪೇನಿಲ್ಲ, ಅಂಥ ಹೊತ್ತಿನಲ್ಲಿ ಹಳೆಯ ಮಾತೇ ಊರುಗೋಲು. ಆದರೆ ಒಬ್ಬರು ಬರೆದದ್ದನ್ನು ಆ ಸಹೋದ್ಯೋಗಿ ನನಗೆ ಆಮೇಲೆ ತೋರಿಸಿದರು:

'ಈ ವಾರದ ವರದಿ ನಾನು ನೋಡಿಕೊಳ್ಳುತ್ತೇನೆ. ಮಂಗಳವಾರದ ಮೀಟಿಂಗಿನಿಂದ ನಿಮ್ಮ ಹೆಸರು ತೆಗೆದಿದ್ದೇನೆ. ಈ ಮೇಲ್‌ಗೆ ಉತ್ತರಿಸಬೇಡಿ.'

ಕೊನೆಯ ಸಾಲು ನೋಡಿ. ಯಂತ್ರಗಳು ದಿನಾ ನಮಗೆ ಕಳಿಸುವ ಸಾಲು ಅದು, ಅಕ್ಷರ ಅಕ್ಷರವೂ ಅದೇ. ಅಲ್ಲಿ ಅದರ ಅರ್ಥ ನಿಮ್ಮ ಮಾತು ಕೇಳಲು ಈ ಕಡೆ ಯಾರೂ ಇಲ್ಲ ಎಂದು. ಇಲ್ಲಿ ಅದರ ಅರ್ಥ ನಿಮಗೆ ಕಷ್ಟ ಬೇಡ ಎಂದು. ಇದಕ್ಕಿಂತ ಚೆನ್ನಾಗಿ ಕಚೇರಿ ಭಾಷೆಯನ್ನು ತಿರುಗಿಸಿ ಇಟ್ಟದ್ದನ್ನು ನಾನು ನೋಡಿಲ್ಲ. ಬರೆದವರಿಗೆ ಅದು ಗೊತ್ತಿತ್ತೋ ಇಲ್ಲವೋ. ಕೇಳಿಲ್ಲ.

ಅದರಲ್ಲಿ ಹೋಲಿಕೆ ಇಲ್ಲ, ವಿಶೇಷಣ ಇಲ್ಲ. ಮಾಡಿದ ಎರಡು ಕೆಲಸ ಇದೆ, ವಾರದ ಹೆಸರಿದೆ. ನಿಮ್ಮ ಮೇಲ್‌ನಲ್ಲಿ ಕವಿತೆ ಬೇಕೆಂದರೆ ಇಷ್ಟು ಮಾಡಿ. ಭಾವನೆಯ ಪದ ಒಂದನ್ನು ತೆಗೆದು, ಅಲ್ಲಿ ಒಂದು ವಸ್ತು, ಒಂದು ದಿನ ಅಥವಾ ಒಂದು ಕೆಲಸ ಇಡಿ. 'ನಿಮ್ಮ ಸಹಕಾರ ಅವಿಸ್ಮರಣೀಯ' ಎನ್ನುವ ಬದಲು 'ಆಡಿಟ್ ದಿನ ರಾತ್ರಿ ನೀವು ಮೂರನೇ ಸಲ ಕೂಡಿ ನೋಡಿದಿರಿ, ಅಲ್ಲೇ ತಪ್ಪು ಸಿಕ್ಕಿತು' ಎಂದು ಬರೆಯಿರಿ. ವಿಷಯದ ಸಾಲಿನಲ್ಲಿ 'ತುರ್ತು' ಎಂದು ಕೂಗುವ ಬದಲು ಏನು ಬೇಕು, ಯಾವತ್ತಿಗೆ ಬೇಕು ಎಂದಷ್ಟೇ ಹಾಕಿ. ರಜೆಯ ತಾನಾಗಿ ಹೋಗುವ ಉತ್ತರಕ್ಕೆ 'ಸೋಮವಾರದವರೆಗೆ ಇಲ್ಲ' ಸಾಕು. ಎಲ್ಲಿದ್ದೀರಿ ಎಂದು ಓದುವವರು ಊಹಿಸಿಕೊಳ್ಳಲಿ.

ಕೆಲಸದಿಂದ ತೆಗೆಯುವ ಪತ್ರ, ಸುರಕ್ಷತೆಯ ಸೂಚನೆ, ಹಣದ ಲೆಕ್ಕ, ಗಡುವು, ಇವುಗಳಲ್ಲಿ ಇದ್ಯಾವುದೂ ಬೇಡ. ಅಲ್ಲಿ ಓದುವವರು ಹುಡುಕುವುದು ಒಂದು ದಿನಾಂಕ, ಒಂದು ಮೊತ್ತ, ಒಂದು ದಾರಿ. ಅದನ್ನು ಮೊದಲ ಸಾಲಿನಲ್ಲೇ ಕೊಡಿ. ತಡವಾಗಿದ್ದರೆ ತಡವಾಗಿದೆ ಎಂದು ಬರೆದು, ಯಾವತ್ತು ಕೊಡುತ್ತೀರಿ ಎಂದು ಬರೆಯಿರಿ. ದೋಣಿ ಬೇಡ.

ಕೊನೆಯ ಹೆಜ್ಜೆ: ಯಾರದ್ದೋ ಅವರಿಗೆ ಕೊಡಿ

ಹೆಕ್ಕಿದ ಕವಿತೆಗೆ ಮೊದಲ ಓದುಗರು ಅದರ ಪದಗಳನ್ನು ಬರೆದವರೇ ಆಗಬೇಕು. ಗುಂಪಿಗೆ ಹಾಕಬೇಡಿ, ಸೂಚನಾ ಫಲಕಕ್ಕೆ ಅಂಟಿಸಬೇಡಿ. ಒಂದು ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಕೊಡಿ. ಏನೂ ವಿವರಿಸಬೇಡಿ.

ಆ ಚೀಟಿಯ ಕವಿತೆಯನ್ನು, ಚೀಟಿ ಬರೆದ ಹಿರಿಯರಿಗೆ ನಾನು ಹೀಗೇ ಕಳಿಸಿದೆ. ಅವರು ಕೆಲಸ ಬಿಟ್ಟು ಆಗಲೇ ಒಂದು ವರ್ಷವಾಗಿತ್ತು. ಹತ್ತು ದಿನ ಉತ್ತರ ಇಲ್ಲ. ಬೇಜಾರಾಯಿತೇನೋ ಎಂದುಕೊಂಡೆ. ಹನ್ನೊಂದನೇ ದಿನ ಫೋನ್ ಬಂತು.

'ಓದಿದೆ ಕಣ್ರೀ,' ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಗಿಡಕ್ಕೆ ನೀರು ಹಾಕ್ತಿದ್ದೀರಾ?'

'ಹಾಕ್ತಿದ್ದೀನಿ ಮೇಡಂ. ಸೋಮವಾರ, ಗುರುವಾರ.'

'ಸರಿ. ಆದ್ರೆ ಬೀಗದ ಕೈ ಎಡಗಡೆ ಇರೋದು. ನೀವು ಬಲಗಡೆ ಅಂತ ಬರೆದಿದ್ದೀರಿ. ಇದನ್ನ ನಂಬ್ಕೊಂಡು ನಿಮ್ಮ ನಂತರ ಬರೋರು ಹುಡುಕ್ತಾ ಕೂತಿರ್ತಾರೆ. ತಿದ್ದಿ.'

ತಿದ್ದಿದ್ದೇನೆ. ಮೇಲೆ ಕೊಟ್ಟದ್ದು ಹಳೆಯ ಪ್ರತಿ.